ಟೈಫಸ್‌ಗೆ ಪ್ರಜಾಪ್ರಭುತ್ವವನ್ನೇ ಮದ್ದಾಗಿ ಬರೆದ ಡಾಕ್ಟರ್

ಒಂದು ಜೀವಕೋಶ ಹುಟ್ಟುವುದು ಇನ್ನೊಂದು ಜೀವಕೋಶದಿಂದಲೇ ಎಂದು ಶಾಲೆಯಲ್ಲಿ ಓದಿರುತ್ತೀರಿ. ಆ ಪಾಠದಲ್ಲಿ ಬರುವ ಹೆಸರು ರುಡಾಲ್ಫ್ ವಿರ್ಚೋ. ಆದರೆ ಈ ಜರ್ಮನ್ ಡಾಕ್ಟರ್ ತಮ್ಮ ಆಯಸ್ಸಿನ ದೊಡ್ಡ ಭಾಗವನ್ನು ಕಳೆದದ್ದು ಊರಿನ ಚರಂಡಿ, ಆಸ್ಪತ್ರೆ, ಮಾಂಸದಂಗಡಿಗಳ ಚಿಂತೆಯಲ್ಲಿ.

ಶುರುವಾದದ್ದು 1848ರ ಫೆಬ್ರವರಿಯಲ್ಲಿ. ಆಗ ಪ್ರಶ್ಯ ಎಂಬ ಜರ್ಮನ್ ರಾಜ್ಯದ ಕೈಯಲ್ಲಿದ್ದ, ಈಗ ಬಹುಪಾಲು ಪೋಲೆಂಡಿನಲ್ಲಿರುವ ಅಪ್ಪರ್ ಸೈಲೀಸಿಯಾದಲ್ಲಿ ಬೆಳೆ ಕೈಕೊಟ್ಟು ಬರ ಬಿದ್ದಿತ್ತು. ಅದರ ಬೆನ್ನಿಗೇ ಟೈಫಸ್ ಜ್ವರ. ಏನಾಗಿದೆ ನೋಡಿಕೊಂಡು ಬಾ ಎಂದು ಸರ್ಕಾರ 26 ವರ್ಷದ ವಿರ್ಚೋ ಅವರನ್ನು ಕಳಿಸಿತು. ಅಲ್ಲಿದ್ದದ್ದು ಸುಮಾರು ಮೂರು ವಾರ. ಒಂದೇ ಕೋಣೆಯಲ್ಲಿ ಒತ್ತೊತ್ತಾಗಿ ಮಲಗುವ ಸಂಸಾರಗಳು, ಹೊಟ್ಟೆಗಿಲ್ಲದ ಮಕ್ಕಳು, ಪೋಲಿಷ್ ಮಾತಾಡುವ ಜನರ ಮೇಲೆ ಜರ್ಮನ್ ಮಾತಾಡುವ ಅಧಿಕಾರಿಗಳು.

ವಾಪಸ್ ಬಂದು ಅವರು ಕೊಟ್ಟ ವರದಿಯಲ್ಲಿ ಔಷಧಿಯ ಮಾತು ಕಡಿಮೆ. ಜನರಿಗೆ ಪೂರ್ತಿ ಪ್ರಜಾಪ್ರಭುತ್ವ ಕೊಡಿ, ಅವರ ಭಾಷೆಗೆ ಮಾನ್ಯತೆ ಕೊಡಿ, ಶಾಲೆ ತೆರೆಯಿರಿ, ರಸ್ತೆ ಮಾಡಿ, ತೆರಿಗೆಯ ಭಾರವನ್ನು ಬಡವರಿಂದ ಸಿರಿವಂತರ ಮೇಲೆ ಹೊರಿಸಿ ಎಂದು ಬರೆದರು. ಕಳಿಸಿದ ಸರ್ಕಾರಕ್ಕೇ ಇಂಥ ವರದಿ ಕೊಡಲು ಗುಂಡಿಗೆ ಬೇಕು, ಅಲ್ವಾ? ಅದೇ ಮಾರ್ಚ್‌ನಲ್ಲಿ ಬರ್ಲಿನ್ನಿನಲ್ಲಿ ದಂಗೆ ಎದ್ದಾಗ ಡಾಕ್ಟರ್ ಸಾಹೇಬರು ಬೀದಿಗಿಳಿದು ಜನರ ಪಕ್ಕ ನಿಂತರು. ಮುಂದೆ ಒಂದು ವಾರಪತ್ರಿಕೆಯನ್ನೂ ನಡೆಸಿ, ಡಾಕ್ಟರುಗಳು ಬಡವರ ಸಹಜ ವಕೀಲರು ಎಂದರು. ಫಲ? 1849ರಲ್ಲಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿದ್ದ ಕೆಲಸಕ್ಕೆ ಕುತ್ತು ಬಂತು. ವುರ್ಟ್ಸ್‌ಬರ್ಗ್ ಊರಿಗೆ ಹೊರಟರು.

1856ರಲ್ಲಿ ಬರ್ಲಿನ್ ಮತ್ತೆ ಕರೆಯಿತು. 1859ರಲ್ಲಿ ನಗರಸಭೆಯ ಸದಸ್ಯರಾದರು. ಮುಂದೆ ಪ್ರಶ್ಯದ ಶಾಸನಸಭೆಗೂ ಹೋಗಿ ಅಲ್ಲಿನ ಪ್ರಧಾನಿ ಬಿಸ್ಮಾರ್ಕ್‌ಗೆ ತಲೆನೋವಾದರು. 1865ರಲ್ಲಿ ಬಿಸ್ಮಾರ್ಕ್ ವಿರ್ಚೋ ಅವರನ್ನು ದ್ವಂದ್ವಯುದ್ಧಕ್ಕೇ ಕರೆದ, ಇವರು ಒಪ್ಪಲಿಲ್ಲ. ಹುಳು ತುಂಬಿದ ಸಾಸೇಜನ್ನು ಆಯುಧವಾಗಿ ಆರಿಸಿಕೊಂಡರು ಎಂಬ ಕತೆ ಮಜವಾಗಿದೆ, ಆದರೆ ಅದನ್ನು ನಂಬಬೇಕಿಲ್ಲ. ಹಂದಿಮಾಂಸದಿಂದ ಹುಳು ಮನುಷ್ಯನ ಮೈಗೆ ಹತ್ತುತ್ತದೆ, ಮಾಂಸವನ್ನು ಪರೀಕ್ಷಿಸಿಯೇ ಮಾರಬೇಕು ಎಂದು ಅವರು ಹಟ ಹಿಡಿದದ್ದಂತೂ ನಿಜ.

ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕೆಲಸ ಬರ್ಲಿನ್ನಿನ ಒಳಚರಂಡಿ. ಅದಕ್ಕೆ ಮೊದಲು ಕೊಳಚೆ ಬೀದಿಯ ಅಂಚಿನ ತೆರೆದ ಗಟಾರದಲ್ಲೇ ಹರಿಯುತ್ತಿತ್ತು. ಎಂಜಿನಿಯರ್ ಜೇಮ್ಸ್ ಹೋಬ್ರೆಕ್ಟ್ ಊರನ್ನು 12 ಭಾಗ ಮಾಡಿದರು. ಪ್ರತಿ ಭಾಗದ ಕೊಳಚೆ ತಗ್ಗಿನ ಜಾಗಕ್ಕೆ ಹರಿದು ಸೇರಬೇಕು. ಅಲ್ಲಿಂದ ಪಂಪು ಅದನ್ನು ಊರ ಹೊರಗಿನ ಹೊಲಗಳಿಗೆ ತಳ್ಳಬೇಕು. ನದಿ ಹೊಲಸಾಗುವುದು ತಪ್ಪುತ್ತದೆ, ಹೊಲಕ್ಕೆ ಗೊಬ್ಬರವೂ ಸಿಗುತ್ತದೆ. ಖರ್ಚು ಜಾಸ್ತಿ ಎಂದು ಗೊಣಗುವವರ ನಡುವೆ ಈ ಯೋಜನೆಯ ಬೆನ್ನಿಗೆ ನಿಂತವರು ವಿರ್ಚೋ. 1873ರಲ್ಲಿ ಅಗೆತ ಶುರುವಾಯಿತು. ಮರುವರ್ಷ ಫ್ರೀಡ್ರಿಷ್‌ಹೈನ್‌ನಲ್ಲಿ ಊರಿನ ಆಸ್ಪತ್ರೆಯೂ ತೆರೆಯಿತು. ಅದರ ಹಿಂದೆಯೂ ಅವರ ಒತ್ತಾಯವಿತ್ತು.

ಇಷ್ಟೆಲ್ಲ ಮಾಡಿದವರು ರೋಗಾಣುಗಳ ವಿಷಯದಲ್ಲಿ ಮಾತ್ರ ಹಿಂದೇಟು ಹಾಕಿದರು. ಬಾಣಂತಿ ಜ್ವರ ತಡೆಯಲು ಡಾಕ್ಟರುಗಳು ಕೈ ತೊಳೆಯಬೇಕೆಂದ ಸೆಮ್ಮೆಲ್‌ವೈಸ್‌ರನ್ನು ಒಪ್ಪಲಿಲ್ಲ, ರೋಗಾಣುಗಳಿಂದ ರೋಗ ಬರುತ್ತದೆಂದು ತೋರಿಸಿದ ರಾಬರ್ಟ್ ಕಾಖ್ ಹೇಳಿದ್ದನ್ನೂ ಸುಲಭವಾಗಿ ನಂಬಲಿಲ್ಲ. ರೋಗಕ್ಕೆಲ್ಲ ಒಂದು ಕ್ರಿಮಿಯನ್ನು ತೋರಿಸಿಬಿಟ್ಟರೆ ಹಸಿವು, ಇಕ್ಕಟ್ಟಿನ ಮನೆಗಳನ್ನು ಸರ್ಕಾರ ಸುಮ್ನೆ ಮರೆತುಬಿಡುತ್ತದೆ ಎಂಬ ಅಳುಕೂ ಇದ್ದಿರಬಹುದು. ಸೈಲೀಸಿಯಾದಲ್ಲಿ ಅವರು ಕಂಡ ಟೈಫಸ್ ಹೇನಿನಿಂದ ಹರಡುತ್ತದೆ ಎಂದು ಗೊತ್ತಾದದ್ದು 1909ರಲ್ಲಿ. ಅಷ್ಟರಲ್ಲಿ ವಿರ್ಚೋ ತೀರಿಕೊಂಡು ಏಳು ವರ್ಷವಾಗಿತ್ತು. ಟ್ರಾಮ್‌ನಿಂದ ಇಳಿಯುವಾಗ ಬಿದ್ದು ತೊಡೆಯ ಮೂಳೆ ಮುರಿದದ್ದೇ ನೆಪವಾಯಿತು. ಕೊನೆಯವರೆಗೂ ಅವರು ನಗರಸಭೆಯ ಸದಸ್ಯರಾಗಿದ್ದರು.