ಬೋಟ್ ಎಂಜಿನ್‌ಗೆ ಕಾರಿನ ಪಾರ್ಟ್ಸ್ ಹಾಕಬಹುದಾ?

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ಈಚೆಗೆ ಹಳೆಯದೊಂದು ಬೋಟ್ ಕೊಂಡೆ. ಒಳಗೆ 5.7 ಲೀಟರ್ ವಿ8 ಪೆಟ್ರೋಲ್ ಎಂಜಿನ್ ಇದೆ. ಎಂಜಿನ್ ಚಾಲೂ ಮಾಡುವ ಮೋಟರ್, ಅಂದರೆ ಸ್ಟಾರ್ಟರ್ ಬದಲಾಯಿಸಬೇಕು. ಇದು ಷೆವರ್ಲೆ ಕಾರಿನ ಎಂಜಿನ್ನೇ ಅಂತಾರೆ. ಕಾರಿನ ಸ್ಟಾರ್ಟರ್ ಅರ್ಧ ಬೆಲೆಗೆ ಸಿಗುತ್ತಿದೆ, ಬೋಲ್ಟ್ ಕೂಡ ಸರಿಯಾಗಿ ಕೂರುತ್ತದಂತೆ. ಹಾಕಬಹುದಾ?

ಉತ್ತರ: ಬೇಡ. ಸ್ಟಾರ್ಟರ್ ವಿಷಯದಲ್ಲಂತೂ ಖಂಡಿತ ಬೇಡ.

ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ. ಮರ್‌ಕ್ರೂಸರ್, ವೋಲ್ವೋ ಪೆಂಟಾದಂಥ ಕಂಪನಿಗಳು ದಶಕಗಳ ಕಾಲ ಷೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್‌ನ ಬ್ಲಾಕುಗಳನ್ನೇ (ಎಂಜಿನ್ನಿನ ಮುಖ್ಯ ಒಡಲು) ತಂದು ಬೋಟ್ ಎಂಜಿನ್ ಮಾಡಿವೆ. 5.7 ಲೀಟರ್ ಅಂದರೆ ಷೆವರ್ಲೆಯ ಹೆಸರಾಂತ 350 ಕ್ಯೂಬಿಕ್ ಇಂಚಿನ ವಿ8. ಹಾಗಾಗಿ ಬೋಲ್ಟ್ ಕೂತೇ ಕೂರುತ್ತದೆ. ಮೋಸ ಹೋಗುವುದೂ ಅಲ್ಲೇ.

ಕಾರಿನಲ್ಲಿ ಪೆಟ್ರೋಲ್ ಸೋರಿದರೆ ರಸ್ತೆಗೆ ಬೀಳುತ್ತದೆ, ಆವಿ ಗಾಳಿಗೆ ಹೋಗುತ್ತದೆ. ಬೋಟಿನಲ್ಲಿ ಎಂಜಿನ್ ಇರುವುದು ಮುಚ್ಚಿದ ಗೂಡಿನೊಳಗೆ, ತಳಕ್ಕೆ ತೂತಿಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ತಳದಲ್ಲಿ ಹೋಗಿ ಕೂರುತ್ತದೆ, ತಾನಾಗಿ ಹೊರಗೆ ಬರುವುದಿಲ್ಲ. ಗಾಳಿಯಲ್ಲಿ ಅದು ಸುಮಾರು 1.4 ಶೇಕಡಾ ಸೇರಿದರೂ ಸಾಕು, ಒಂದು ಕಿಡಿಗೆ ಸ್ಫೋಟ ಆಗುತ್ತದೆ. ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ ಅಂತಾರಲ್ವಾ? ಇದೂ ಅದೇ ಲೆಕ್ಕ.

ಈಗ ಸ್ಟಾರ್ಟರ್ ಕೆಲಸ ನೋಡಿ. ಒಳಗೆ ಕಾರ್ಬನ್ ಬ್ರಷ್‌ಗಳು ತಿರುಗುವ ತಾಮ್ರದ ಉರುಳೆ ಕಮ್ಯುಟೇಟರ್‌ಗೆ ಉಜ್ಜುತ್ತವೆ. ಪ್ರತಿ ಸಲವೂ ಕಿಡಿ ಹಾರುತ್ತದೆ. ಅದಕ್ಕೆ ಕರೆಂಟ್ ಹಾಯಿಸುವ ಸ್ವಿಚ್ಚಾದ ಸೊಲೆನಾಯ್ಡ್ ಒಳಗೂ ಕಿಡಿ ಇದ್ದದ್ದೇ. ವಾರಗಟ್ಟಲೆ ಸುಮ್ನೆ ನಿಂತಿದ್ದ ಬೋಟಿಗೆ ಬಂದು ಕೀ ತಿರುಗಿಸುತ್ತೀರಿ. ತಳದಲ್ಲಿ ಆವಿ ಸೇರಿದ್ದರೆ ಮೊದಲ ಕಿಡಿ ಸ್ಟಾರ್ಟರ್‌ನದ್ದೇ. ಬೋಟಿನ ಸ್ಟಾರ್ಟರ್‌ನಲ್ಲಿ ಇದಕ್ಕೆಂದೇ ಸೀಲುಗಳಿರುತ್ತವೆ. ಒಳಗೆ ಆವಿ ಹೊತ್ತಿಕೊಂಡರೂ ಜ್ವಾಲೆ ಹೊರಗೆ ಬರದ ಹಾಗೆ ಕವಚ ಮಾಡಿರುತ್ತಾರೆ. ಇಂಥದ್ದಕ್ಕೆ ‘ಇಗ್ನಿಷನ್ ಪ್ರೊಟೆಕ್ಟೆಡ್’ ಅಂತಾರೆ, ಮಾನದಂಡದ ಹೆಸರು ಎಸ್ಎಇ ಜೆ1171. ಕೊಳ್ಳುವಾಗ ಪಾರ್ಟ್ ಮೇಲೆ ಈ ಗುರುತು ಇದೆಯಾ ಅಂತ ಹುಡುಕಿ.

ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ದೂ ಇದೇ ಕಥೆ. ಎರಡು ಬಗೆಯದನ್ನೂ ಪಕ್ಕಪಕ್ಕ ಇಟ್ಟರೆ ಮೇಲ್ನೋಟಕ್ಕೆ ಅಣ್ಣತಮ್ಮಂದಿರ ಹಾಗೇ ಕಾಣುತ್ತವೆ. ಆದರೆ ಎಷ್ಟೋ ಬೋಟ್ ಆಲ್ಟರ್ನೇಟರ್‌ಗಳ ಹಿಂಬದಿ ಕಿಂಡಿಗಳಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಸಣ್ಣ ಕಣ್ಣಿನ ಲೋಹದ ಜಾಲರಿ ಕಾಣುತ್ತದೆ. ಕಾರಿನದ್ದರಲ್ಲಿ ಆ ಜಾಗ ಖಾಲಿ. ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕೂಡ ಬೋಟಿನದ್ದೇ ಬೇಕು.

ಪೆಟ್ರೋಲನ್ನು ಗಾಳಿಯಲ್ಲಿ ಬೆರೆಸುವ ಕಾರ್ಬ್ಯುರೇಟರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಜನ ಇದನ್ನೇ ಹಗುರವಾಗಿ ತೆಗೆದುಕೊಳ್ಳುವುದು. ಒಳಗೆ ಪೆಟ್ರೋಲ್ ಮಟ್ಟ ಕಾಯುವ ತೇಲುಗುಂಡು (ಫ್ಲೋಟ್) ಸಿಕ್ಕಿಕೊಂಡರೆ ಬೌಲ್ ತುಂಬಿ ಪೆಟ್ರೋಲ್ ಉಕ್ಕುತ್ತದೆ. ಕಾರಿನದ್ದಾದರೆ ಅದು ಹೊರಗೆ ಹರಿದು ಬಿಸಿ ಎಂಜಿನ್ ಮೇಲೆ ಸುರಿಯಬಹುದು. ಬೋಟಿನದ್ದರಲ್ಲಿ ಗಾಳಿ ಬಿಡುವ ಕೊಳವೆಗಳು ಕಾರ್ಬ್ಯುರೇಟರ್ ಬಾಯಿಯ ಕಡೆಗೇ ಬಗ್ಗಿರುತ್ತವೆ. ಉಕ್ಕಿದ ಪೆಟ್ರೋಲ್ ಎಂಜಿನ್ ಒಳಕ್ಕೇ ಇಳಿಯುತ್ತದೆ. ಎಂಜಿನ್ ಮುಗ್ಗರಿಸಿ ನಿಲ್ಲಬಹುದು, ಆದರೆ ತಳಕ್ಕೆ ಪೆಟ್ರೋಲ್ ಹೋಗುವುದಿಲ್ಲ. ಕಾರ್ಬ್ಯುರೇಟರ್ ಮೇಲೆ ಏರ್ ಫಿಲ್ಟರ್ ಬದಲು ಫ್ಲೇಮ್ ಅರೆಸ್ಟರ್ ಇರುತ್ತದೆ. ಎಂಜಿನ್ ಬ್ಯಾಕ್‌ಫೈರ್ ಮಾಡಿದಾಗ ಬೆಂಕಿ ಹೊರಗೆ ಬಾರದಂತೆ ತಡೆಯುವುದು ಇದೇ. ಅಮೆರಿಕದಲ್ಲಿ 1940ರ ಏಪ್ರಿಲ್ 25ರ ನಂತರ ಕೂರಿಸಿದ ಇನ್‌ಬೋರ್ಡ್ (ಬೋಟಿನ ಒಳಗಿರುವ) ಪೆಟ್ರೋಲ್ ಎಂಜಿನ್‌ಗೆ ಇದು ಕಡ್ಡಾಯ. ಅದನ್ನು ತೆಗೆದು ಕಾರಿನ ಫಿಲ್ಟರ್ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಪೆಟ್ರೋಲ್ ಪಂಪ್, ಪೆಟ್ರೋಲ್ ಪೈಪ್ ಕೂಡ ಬೋಟಿನದ್ದೇ ಇರಲಿ. ಬೋಟಿನ ಪೈಪನ್ನು ಬೆಂಕಿಯಲ್ಲಿ ಎರಡೂವರೆ ನಿಮಿಷ ತಡೆಯುತ್ತದಾ ಅಂತ ಪರೀಕ್ಷೆ ಮಾಡಿರುತ್ತಾರೆ.

ಹಾಗಾದರೆ ಕಾರಿನದ್ದು ಯಾವುದೂ ಆಗೋದೇ ಇಲ್ವಾ? ಆಗುತ್ತದೆ. ಪಿಸ್ಟನ್, ರಿಂಗ್, ಬೇರಿಂಗ್, ವಾಲ್ವ್ ಲಿಫ್ಟರ್ ಇಂಥ ಒಳಗಿನ ಭಾಗಗಳು ಪಾರ್ಟ್ ನಂಬರ್ ಹೊಂದಿದರೆ ಸಾಮಾನ್ಯವಾಗಿ ನಡೆಯುತ್ತವೆ. ಒಂದು ಮಾತು ನೆನಪಿರಲಿ: ಬೋಟಿಗೆ ಇಳಿಜಾರು ಅನ್ನೋದೇ ಇಲ್ಲ. ಕಾರು ವೇಗ ಹಿಡಿದ ಮೇಲೆ ಎಂಜಿನ್ ಆರಾಮಾಗಿರುತ್ತದೆ. ಬೋಟು ನೀರನ್ನು ತಳ್ಳುತ್ತಲೇ ಇರಬೇಕು, ಗಂಟೆಗಟ್ಟಲೆ. ಆದ್ದರಿಂದ ಅಗ್ಗದ ಪಿಸ್ಟನ್ ಬೇಡ. ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟ್ ಮಾತ್ರ ಕಣ್ಣುಮುಚ್ಚಿ ಬದಲಾಯಿಸಬೇಡಿ. ಬೋಟಿನ ಎಕ್ಸಾಸ್ಟ್‌ನಲ್ಲಿ (ಹೊಗೆ ಕೊಳವೆ) ನೀರು ಹರಿಯುತ್ತದೆ, ತಪ್ಪು ಕ್ಯಾಮ್ ಹಾಕಿದರೆ ಅದೇ ನೀರನ್ನು ಎಂಜಿನ್ ಸಿಲಿಂಡರ್‌ಗೆ ಹಿಂದಕ್ಕೆ ಎಳೆದುಕೊಳ್ಳಬಹುದು.

ನೀರು ಮುಟ್ಟುವ ಜಾಗಗಳಲ್ಲೂ ಹುಷಾರು, ಅದರಲ್ಲೂ ಉಪ್ಪುನೀರು. ಬ್ಲಾಕಿನ ಬದಿಯ ತೂತು ಮುಚ್ಚುವ ಬಿಲ್ಲೆಯಂಥ ಪ್ಲಗ್‌ಗಳು ಹಿತ್ತಾಳೆಯವು ಇರಲಿ, ಉಕ್ಕಿನವು ಬೇಗ ತುಕ್ಕು ಹಿಡಿಯುತ್ತವೆ. ಹೆಡ್ ಗ್ಯಾಸ್ಕೆಟ್, ವಾಟರ್ ಪಂಪ್ ಕೂಡ ಬೋಟಿನವೇ ಬೇಕು. ಸಮುದ್ರದ ನೀರೇ ನೇರವಾಗಿ ಬ್ಲಾಕಿನೊಳಗೆ ಹರಿಯುವ ಎಂಜಿನ್‌ಗೆ ಸಾಮಾನ್ಯವಾಗಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಥರ್ಮೋಸ್ಟಾಟ್ (ಎಂಜಿನ್ ಶಾಖ ನೋಡಿ ನೀರು ಬಿಡುವ ವಾಲ್ವ್) ಇರುತ್ತದೆ. ಕಾರಿನ ಬಿಸಿ ಥರ್ಮೋಸ್ಟಾಟ್ ಹಾಕಿದರೆ ಉಪ್ಪು, ಸುಣ್ಣ ಒಳಗೆ ಗಟ್ಟಿಯಾಗಿ ನೀರಿನ ದಾರಿ ಕಟ್ಟಿಕೊಳ್ಳುತ್ತದೆ.

ಮಲ್ಪೆ, ಮಂಗಳೂರು, ಕಾರವಾರದ ಓದುಗರಿಗೆ ಇಲ್ಲೊಂದು ಮಾತು. ನಿಮ್ಮ ಟ್ರಾಲ್ ಬೋಟುಗಳಲ್ಲಿ ಇರುವುದು ಡೀಸೆಲ್. ಡೀಸೆಲ್ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ಹಾಗಾಗಿ ಸ್ಟಾರ್ಟರ್ ಕಿಡಿಯಿಂದ ಸ್ಫೋಟದ ಭಯ ತೀರಾ ಕಡಿಮೆ. ಅಶೋಕ್ ಲೇಲ್ಯಾಂಡ್ ಲಾರಿಗೂ ಎಂಜಿನ್ ಮಾಡುತ್ತದೆ, ಬೋಟಿಗೂ ಮಾಡುತ್ತದೆ, ಲಾರಿಯ ಪಾರ್ಟ್ ಹೊಂದಿಸುವ ಯೋಚನೆ ಬರುವುದು ಸಹಜ. ಅಲ್ಲಿ ದೊಡ್ಡ ಶತ್ರು ಉಪ್ಪು. ತಂಪು ಮಾಡುವ ಭಾಗಗಳು, ಎಕ್ಸಾಸ್ಟ್, ವೈರಿಂಗ್ ಇವುಗಳಿಗೆ ಲಾರಿಯದ್ದನ್ನು ಹೊಂದಿಸಬೇಡಿ.

ಮತ್ತೆ ನಿಮ್ಮ ಬೋಟಿಗೆ ಬರೋಣ. ಹಳೆಯದು ಅಂದಿರಿ. ಹಿಂದಿನ ಮಾಲೀಕರು ಆಗಲೇ ಕಾರಿನ ಪಾರ್ಟ್ ಹಾಕಿರಬಹುದು. ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್, ಕಾರ್ಬ್ಯುರೇಟರ್, ಪೈಪ್ ಎಲ್ಲದರ ಗುರುತು ಒಂದೊಂದಾಗಿ ನೋಡಿ. ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಗೂಡಿನ ಗಾಳಿಯನ್ನು ಹೊರಗೆ ತಳ್ಳುವ ಫ್ಯಾನ್ (ಬ್ಲೋವರ್) ಕನಿಷ್ಠ 4 ನಿಮಿಷ ಓಡಿಸಿ, ಎಂಜಿನ್ ಮುಚ್ಚಳ ತೆಗೆದು ಮೂಸಿ. ವಾಸನೆ ಬಂದರೆ ಕೀ ಮುಟ್ಟಬೇಡಿ.

ದುಡ್ಡಿನ ಚಿಂತೆಗೂ ದಾರಿ ಇದೆ. ಈಗ ಇರುವುದು ಬೋಟಿನ ಸ್ಟಾರ್ಟರ್ರೇ ಆಗಿದ್ದರೆ ಎಸೆಯಬೇಡಿ. ಬೋಟ್ ಎಲೆಕ್ಟ್ರಿಕಲ್ ಕೆಲಸ ಗೊತ್ತಿರುವವರ ಹತ್ತಿರ ಒಯ್ದು ಬ್ರಷ್, ಬುಷ್, ಸೊಲೆನಾಯ್ಡ್ ಬದಲಾಯಿಸಿ ರಿಪೇರಿ ಆಗುತ್ತದಾ ಕೇಳಿ. ಎಷ್ಟೋ ಸಲ ಹೊಸದಕ್ಕಿಂತ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಜೋಡಿಸುವಾಗ ಸೀಲುಗಳನ್ನೂ ಹೊಸದಾಗಿ ಹಾಕಲು ಹೇಳಿ.