ಗಾಡಿಯ ಮೇಲಿನ ಉಪಗ್ರಹ

ಮೆಟ್ರೊ ಯಶವಂತಪುರ ದಾಟಿತ್ತು. ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಮೊಬೈಲನ್ನು ನನ್ನ ಮುಂದೆ ಹಿಡಿದ. ಎತ್ತಿನ ಗಾಡಿ, ಅದರ ಮೇಲೊಂದು ಉಪಗ್ರಹ. 'ನೋಡಿ ಮಾಮ, ಒಂದು ಲಾರಿಗೂ ಗತಿಯಿರಲಿಲ್ಲ ನಮಗೆ' ಎಂದ. ದನಿಯಲ್ಲಿ ಅರ್ಧ ಕನಿಕರ, ಅರ್ಧ ನಗೆ.

ಬಡತನವನ್ನು ಮೆಟ್ಟಿ ನಿಂತೆವು ಎಂದು ಭಾಷಣ ಬಿಗಿಯುವವರೂ, ಬಡವರಿಗೇಕೆ ರಾಕೆಟ್ಟು ಎಂದು ಮೂಗು ಮುರಿಯುವವರೂ ತೋರಿಸುವುದು ಇದೇ ಚಿತ್ರವನ್ನು. ಇಬ್ಬರೂ ಗಾಡಿಯನ್ನು ಸರಿಯಾಗಿ ನೋಡಿಲ್ಲ.

ಅದು 'ಆ್ಯಪಲ್'. 1981ರ ಜೂನ್ 19ರಂದು ಫ್ರೆಂಚ್ ಗಯಾನಾದಿಂದ ಏರಿಯಾನ್ ರಾಕೆಟ್ಟಿನಲ್ಲಿ ಮೇಲೇರಿದ ನಮ್ಮ ಪ್ರಾಯೋಗಿಕ ಸಂಪರ್ಕ ಉಪಗ್ರಹ. ಹೊರಡುವ ಮೊದಲು ಅದರ ಆಂಟೆನಾವನ್ನು ಬಯಲಿನಲ್ಲಿ ಪರೀಕ್ಷಿಸಬೇಕಿತ್ತು. ವಿಜಯಪುರದ ಗೋಳಗುಮ್ಮಟದೊಳಗೆ ಯಾರನ್ನಾದರೂ ಹಾಡಿಸಿ ಅವರ ಕಂಠ ಎಂಥದ್ದೆಂದು ಅಳೆಯಲಾದೀತೇ? ಕಿವಿಗೆ ಬೀಳುವುದು ಅರ್ಧ ಹಾಡು, ಅರ್ಧ ಗುಮ್ಮಟ. ಲೋಹದ ಲಾರಿಯ ಮೇಲೆ ಆಂಟೆನಾ ಇಟ್ಟರೂ ಅದೇ ಪಾಡು. ರೇಡಿಯೊ ಅಲೆಗಳು ತಗಡಿಗೆ ಬಡಿದು ಹಿಂದಿರುಗಿ, ನೇರವಾಗಿ ಬರುವ ಅಲೆಗಳೊಡನೆ ಬೆರೆಯುತ್ತವೆ. ಒಂದೆಡೆ ಕೂಡಿ ಬಲವಾಗುತ್ತವೆ, ಇನ್ನೊಂದೆಡೆ ಪರಸ್ಪರ ಅಳಿಸಿಹಾಕುತ್ತವೆ. ಆಗ ಸಿಗುವುದು ಆಂಟೆನಾದ ಲೆಕ್ಕವಲ್ಲ, ಆಂಟೆನಾ ಮತ್ತು ಲಾರಿ ಎರಡರ ಲೆಕ್ಕ. ಬಾಹ್ಯಾಕಾಶದಲ್ಲಿ ಲಾರಿ ಇರುವುದಿಲ್ಲವಲ್ಲ! ಮರ ಲೋಹದ ಹಾಗೆ ಅಲೆಗಳನ್ನು ಹಿಂದಕ್ಕೆ ಎಸೆಯುವುದಿಲ್ಲ. ಆದ್ದರಿಂದ ಮರದ ಗಾಡಿ. ಎತ್ತುಗಳಂತೂ ತಗಡಿನವಲ್ಲ.

ದೇಶದ ಮೇಲೆ ನಂಬಿಕೆಯಿಡು ಎಂದು ಹುಡುಗರಿಗೆ ಉಪದೇಶಿಸುವುದು ನನಗೆ ಒಗ್ಗದು. ಈ ಲೆಕ್ಕವನ್ನು ಬಿಡಿಸಿ ತೋರಿಸುವುದಾದರೆ ನಾನು ಸಿದ್ಧ.

ಅಷ್ಟರಲ್ಲಿ ಪೀಣ್ಯ ಬಂತು. ಕೆಳಗಿನ ಶೆಡ್ಡುಗಳ ಸಾಲು ತೋರಿಸಿದೆ. ಇಂಥವೇ ಕಲ್ನಾರು ಶೀಟಿನ ಶೆಡ್ಡುಗಳಲ್ಲಿ ಉಡುಪಿ ಕಡೆಯ ಅದಮಾರಿನ ವಿಜ್ಞಾನಿ ಯು. ಆರ್. ರಾವ್ ಅವರ ತಂಡ ನಮ್ಮ ಮೊದಲ ಉಪಗ್ರಹ, 360 ಕಿಲೋ ತೂಕದ 'ಆರ್ಯಭಟ'ವನ್ನು ಕಟ್ಟಿತು. ಬಹುಪಾಲು ಮಂದಿ ಉಪಗ್ರಹವನ್ನೇ ಕಂಡವರಲ್ಲ. ಮಾಹಿತಿ ಪಡೆಯುವ ಕೇಂದ್ರಕ್ಕೆ ಜಾಗ ಸಾಲದೆ ಒಂದು ಶೌಚಾಲಯವನ್ನೇ ಮಾರ್ಪಡಿಸಿಕೊಂಡರಂತೆ. (ಈಗಿನ ಸ್ಟಾರ್ಟಪ್ ಹುಡುಗರು ಗ್ಯಾರೇಜಿನ ಕಥೆ ಹೇಳುವಾಗ ನನಗೆ ಇದು ನೆನಪಾಗುತ್ತದೆ.) 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಕಕ್ಷೆಗೆ ಸೇರಿಸಿತು. ನಾಲ್ಕೈದು ದಿನಗಳಲ್ಲೇ ವಿದ್ಯುತ್ ಪೂರೈಕೆ ಕೈಕೊಟ್ಟು ಪ್ರಯೋಗಗಳು ನಿಂತುಹೋದವು.

'ಹಾಗಾದರೆ ಫೇಲ್?' ಎಂದ ಹುಡುಗ.

ಪ್ರಯೋಗಗಳ ಮಟ್ಟಿಗೆ ಹೌದು. ಆದರೆ ಕಟ್ಟುವುದು ಹೇಗೆಂದು ಕೈಗಳು ಕಲಿತಿದ್ದವು. ಆ್ಯಪಲ್‌ಗೂ ವಿಘ್ನ ತಪ್ಪಲಿಲ್ಲ: ಎರಡು ಸೌರಫಲಕಗಳ ಪೈಕಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಇದ್ದ ವಿದ್ಯುತ್ತಿನಲ್ಲೇ ಸಂಭಾಳಿಸಿ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿಸಿಕೊಂಡರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವಾಗ ವಿಜ್ಞಾನಿಗಳು ಕಣ್ಣು ನೆಟ್ಟು ಕುಳಿತಿದ್ದ, ನೌಕೆಗಳ ಜಾಡು ಹಿಡಿಯುವ ಇಸ್ರೊದ ಇಸ್ಟ್ರ್ಯಾಕ್ ಕೇಂದ್ರ ಇರುವುದೂ ಇದೇ ಪೀಣ್ಯದಲ್ಲಿ.

ಹುಡುಗ ಚಿತ್ರವನ್ನು ಹಿಗ್ಗಿಸಿ ಗಾಲಿಯ ಹತ್ತಿರ ತಂದ. 'ಮಾಮ, ಗಾಡಿಯ ಅಚ್ಚು ಕಬ್ಬಿಣದ್ದಾಗಿದ್ದರೆ? ಅದೂ ಅಲೆಗಳನ್ನು ಹಿಂದಕ್ಕೆ ಎಸೆಯುವುದಿಲ್ಲವೇ?'

ಆಂಟೆನಾ ಯಾವ ದಿಕ್ಕಿಗಿತ್ತು, ಅಚ್ಚು ಎಷ್ಟು ಕೆಳಗಿತ್ತು, ಅಲೆಯ ಉದ್ದವೆಷ್ಟು ಎಂದು ಟಿಕೆಟ್ಟಿನ ಹಿಂಬದಿಯಲ್ಲಿ ಗೀಚತೊಡಗಿದೆವು. ತಲೆ ಎತ್ತಿದಾಗ ನಾವು ಇಳಿಯಬೇಕಿದ್ದ ಜಾಲಹಳ್ಳಿ ಹಿಂದೆ ಉಳಿದಿತ್ತು.