ಕಾರ್ಬ್ಯುರೇಟರ್ ಬಿಚ್ಚುವ ಮುನ್ನ

ಮೊನ್ನೆ ನನ್ನ ಗ್ಯಾರೇಜಿಗೆ ತೊಂಬತ್ತರ ದಶಕದ 600 ಸಿಸಿ ಸ್ಪೋರ್ಟ್ಸ್ ಬೈಕೊಂದು ಬಂತು. ನಾಲ್ಕು ಸಿಲಿಂಡರ್, ಅವಕ್ಕೆ ಗಾಳಿ-ಪೆಟ್ರೋಲ್ ಬೆರೆಸಿ ಕೊಡುವ ನಾಲ್ಕು ಕಾರ್ಬ್ಯುರೇಟರ್. ನನ್ನ ಹತ್ತಿರ ಬರುವ ಮೊದಲೇ ಮೂರು ಸಲ ಅವನ್ನು ಬಿಚ್ಚಿ ತೊಳೆದಾಗಿತ್ತು. ಪೆಟ್ರೋಲ್ ಅಳೆದು ಬಿಡುವ ಹಿತ್ತಾಳೆಯ ಜೆಟ್ ಬದಲಾಗಿತ್ತು, ಅದರೊಳಗೆ ಏರಿಳಿಯುವ ಸೂಜಿಯ, ಅಂದರೆ ನೀಡಲ್‌ನ ಕೆಳಗೆ ವಾಷರ್ ಸೇರಿತ್ತು, ಐಡ್ಲಿಂಗ್ ಮಿಶ್ರಣ ಹೊಂದಿಸುವ ಪೈಲಟ್ ಸ್ಕ್ರೂಗಳು ಒಂದೊಂದು ಒಂದೊಂದು ಸುತ್ತಿನಲ್ಲಿದ್ದವು. ದೂರು ಮಾತ್ರ ಇದ್ದ ಹಾಗೇ ಇತ್ತು: ಐಡ್ಲಿಂಗ್‌ನಲ್ಲಿ ಮಿಸ್ಸಿಂಗ್, 3000 ಆರ್‌ಪಿಎಂ ದಾಟಿದರೆ ಪರವಾಗಿಲ್ಲ. “ಅಣ್ಣಾ, ಕಾರ್ಬ್ಯುರೇಟರೇ ಹೋಗಿರಬೇಕು, ಬೇರೆ ಸೆಟ್ ಹುಡುಕ್ತಾ ಇದೀನಿ” ಅಂದ ಹುಡುಗ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ನಾಲ್ಕೂ ಎಕ್ಸಾಸ್ಟ್ ಪೈಪುಗಳ ಕೊರಳಿಗೆ ನೀರು ಚಿಮುಕಿಸಿದೆ. 2 ಮತ್ತು 3ನೇ ಪೈಪಿನ ಮೇಲೆ ಬಿದ್ದ ನೀರು ಚುರ್ ಎಂದು ಆರಿಹೋಯಿತು. 1 ಮತ್ತು 4ರ ಮೇಲೆ ಅದು ಹನಿಯಾಗಿಯೇ ಜಾರಿ ಕೆಳಗಿಳಿಯಿತು. ಅಂದರೆ ಹೊರಗಿನ ಎರಡು ಸಿಲಿಂಡರ್‌ಗಳು ಐಡ್ಲಿಂಗ್‌ನಲ್ಲಿ ಉರಿಯುತ್ತಲೇ ಇಲ್ಲ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ನಾಲ್ಕು ಕಾರ್ಬ್ಯುರೇಟರ್‌ಗಳಲ್ಲಿ ಕಸ ಕಟ್ಟುವುದಾದರೆ ಯಾವುದರಲ್ಲಾದರೂ ಕಟ್ಟಬಹುದು. ಸರಿಯಾಗಿ 1 ಮತ್ತು 4ರಲ್ಲೇ ಒಟ್ಟಿಗೆ ಕಟ್ಟಲು ಕಾರಣವೇ ಇಲ್ಲ. ಆದರೆ ಆ ಕಾಲದ ಬಹುಪಾಲು ನಾಲ್ಕು ಸಿಲಿಂಡರ್ ಬೈಕುಗಳಲ್ಲಿ ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಎರಡೇ: ಒಂದು 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ. ಜೋಡಿಯಾಗಿ ಸತ್ತರೆ ಕಾಯಿಲ್ ಕಡೆ ನೋಡಬೇಕು. ಒಂಟಿಯಾಗಿ ಸತ್ತರೆ ಆ ಸಿಲಿಂಡರಿನ ಪ್ಲಗ್, ಪ್ಲಗ್ ಕ್ಯಾಪ್, ಆಮೇಲೆ ಅದರ ಕಾರ್ಬ್ಯುರೇಟರ್. ಎಂಜಿನ್ ಓಡುತ್ತಿರುವಾಗಲೇ ಕಾಯಿಲ್‌ಗಳಿಗೆ ಬರುವ ವೋಲ್ಟೇಜ್ ಅಳೆದೆ. ಒಂದಕ್ಕೆ 12ರ ಮೇಲಿತ್ತು, ಇನ್ನೊಂದಕ್ಕೆ 10ರ ಆಸುಪಾಸು. ಆ ಕಾಯಿಲ್‌ನ ಕನೆಕ್ಟರ್ ಎಳೆದು ನೋಡಿದರೆ ಪಿನ್ನಿಗೆ ಹಸಿರು ಕಿಲುಬು, ಸುತ್ತಲಿನ ಪ್ಲಾಸ್ಟಿಕ್ ಕಾವಿಗೆ ಕಂದಿತ್ತು. ಉಜ್ಜಿ, ಬಿಗಿ ಮಾಡಿ, ಸಿಕ್ಕಿಸಿದೆ. ನಾಲ್ಕೂ ಪೈಪು ಕಾದವು. ಕೆಲಸ ಹತ್ತು ನಿಮಿಷದ್ದು. ಮೂರು ಸಲದ “ಟ್ಯೂನಿಂಗ್” ಮಾಡಿಟ್ಟ ಹಾನಿಯನ್ನು ಸರಿಪಡಿಸಲು ನನಗೆ ಎರಡು ದಿನ ಹಿಡಿಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಳೆಯ ಬೈಕುಗಳಲ್ಲಿ ಆ ಎಮ್ಮೆ ಯಾವಾಗಲೂ ಕಾರ್ಬ್ಯುರೇಟರ್. ನಾನು ಇಷ್ಟು ವರ್ಷ ಕೈಗೆ ಮಸಿ ಮಾಡಿಕೊಂಡು ಕಲಿತದ್ದರಲ್ಲಿ ಮುಖ್ಯವಾದದ್ದು ಇದು: ಕಾರ್ಬ್ಯುರೇಟರ್ ಕೊನೆಗೆ ಬಿಚ್ಚಬೇಕಾದ ವಸ್ತು. ಉಳಿದದ್ದೆಲ್ಲ ಸರಿಯಿದೆ ಎಂದು ಗೊತ್ತಾದ ಮೇಲೆ ಮಾತ್ರ ಅದರ ಸ್ಕ್ರೂ ಮುಟ್ಟಿದರೆ ಫಲ.

1985ರ ಸುಜುಕಿ ಜಿಎಸ್‌ಎಕ್ಸ್-ಆರ್750ರಿಂದ 1998ರ ಯಮಹಾ ವೈಜೆಡ್‌ಎಫ್-ಆರ್1 ತನಕ ಬಂದ ಜಪಾನೀ ಸ್ಪೋರ್ಟ್ಸ್ ಬೈಕುಗಳೆಲ್ಲ ಹೆಚ್ಚೂಕಡಿಮೆ ಈ ಕುಲದವು. ಆರ್1ಗೆ ಫ್ಯುಯೆಲ್ ಇಂಜೆಕ್ಷನ್ ಬಂದದ್ದು 2002ರಲ್ಲಿ. ಅಷ್ಟರೊಳಗೆ ತಯಾರಾದವಕ್ಕೆಲ್ಲ ಈಗ ಎರಡು ದಶಕಕ್ಕೂ ಮೀರಿ ವಯಸ್ಸಾಗಿದೆ. ಇವು ಕಾರ್ಖಾನೆಯಿಂದ ಹೊರಬಂದಾಗ ತಪ್ಪು ಜೆಟ್ ಇಟ್ಟುಕೊಂಡು ಬಂದಿರಲಿಲ್ಲ. ಹಿತ್ತಾಳೆಯ ತೂತು ತಾನಾಗಿ ಅಳತೆ ಬದಲಿಸುವುದಿಲ್ಲ. ಬದಲಾಗಿರುವುದು ರಬ್ಬರ್, ವೈರು, ವಾಲ್ವಿನ ಸಂದು, ಒಳಗೆ ಕಟ್ಟಿದ ಅಂಟು. ಆದ್ದರಿಂದ “ದೊಡ್ಡ ಜೆಟ್ ಹಾಕಿ ನೋಡೋಣ” ಎಂಬ ಮಾತು ಬಂದ ಕೂಡಲೇ ಕೈ ತಡೆಯಿರಿ.

ನಾನು ಶುರು ಮಾಡುವುದು ಟ್ಯಾಪೆಟ್‌ನಿಂದ, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದಿನಿಂದ. ಈ ಎಂಜಿನ್ನುಗಳಲ್ಲಿ ಸಂದು ಸವೆದಂತೆ ಹಿಗ್ಗುವುದಕ್ಕಿಂತ ಕುಗ್ಗುವುದೇ ಹೆಚ್ಚು, ಏಕೆಂದರೆ ವಾಲ್ವ್ ನಿಧಾನವಾಗಿ ತನ್ನ ಸೀಟಿನೊಳಗೆ ಇಳಿಯುತ್ತ ಹೋಗುತ್ತದೆ. ಟಕಟಕ ಸದ್ದು ಮಾಡುವ ಟ್ಯಾಪೆಟ್‌ಗೆ ಎಲ್ಲರೂ ಹೆದರುತ್ತಾರೆ. ನನಗೆ ಚಿಂತೆ ತರುವುದು ಸದ್ದೇ ಇಲ್ಲದ್ದು. ಸಂದು ಇಲ್ಲದ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಬೆಳಗಿನ ಸ್ಟಾರ್ಟಿಂಗ್ ಕಷ್ಟವಾಗುತ್ತದೆ, ಐಡ್ಲಿಂಗ್ ಕುಂಟುತ್ತದೆ. ಈ ಲಕ್ಷಣ ನೋಡಿದವರು ನೇರ ಪೈಲಟ್ ಜೆಟ್‌ಗೆ ಕೈ ಹಾಕುತ್ತಾರೆ. ಜೊತೆಗೇ ಕಂಪ್ರೆಶನ್ ಅಳೆಯಿರಿ, ಥ್ರಾಟಲ್ ಪೂರ್ತಿ ತೆರೆದು, ಎಲ್ಲ ಪ್ಲಗ್ ತೆಗೆದು. ಅಂಕಿಗಿಂತ ನಾಲ್ಕರ ನಡುವಿನ ಅಂತರ ಮುಖ್ಯ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಏರಿದರೆ ರಿಂಗ್, ಏರದಿದ್ದರೆ ವಾಲ್ವ್.

ಆಮೇಲೆ ಗಾಳಿ. ಕಾರ್ಬ್ಯುರೇಟರ್ ಮತ್ತು ಹೆಡ್ ನಡುವಿನ ರಬ್ಬರ್ ಮ್ಯಾನಿಫೋಲ್ಡ್ ವರ್ಷಗಳ ಕಾವಿಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಹೊರಗಿನಿಂದ ಚೆನ್ನಾಗಿ ಕಂಡರೂ ಬಗ್ಗಿಸಿ ನೋಡಿದರೆ ಒಳಗೆ ಗೆರೆ. ಓಡುತ್ತಿರುವ ಎಂಜಿನ್ನಿನ ಆ ಜಾಗಕ್ಕೆ ಸೋಪಿನ ನೀರು ಸಿಂಪಡಿಸಿ. ಆರ್‌ಪಿಎಂ ಅಲುಗಾಡಿದರೆ ಅಲ್ಲಿ ಗಾಳಿ ಎಳೆಯುತ್ತಿದೆ ಎಂದರ್ಥ. ಇದಕ್ಕೆ ಉರಿಯುವ ಸ್ಪ್ರೇ ಬಳಸುವವರನ್ನು ಕಂಡಿದ್ದೇನೆ. ಕಾದ ಪೈಪಿನ ಪಕ್ಕ ಆ ಕೆಲಸ ದಯವಿಟ್ಟು ಬೇಡ.

ಇನ್ನು ಪೆಟ್ರೋಲಿನ ದಾರಿ. ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಮೆಲ್ಲಗೆ ಉಸಿರುಗಟ್ಟಿ ನಿಂತು, ಸ್ವಲ್ಪ ಹೊತ್ತಾದ ಮೇಲೆ ಏನೂ ಆಗದವರಂತೆ ಸ್ಟಾರ್ಟ್ ಆಗುವ ಬೈಕಿನ ಟ್ಯಾಂಕ್ ಮುಚ್ಚಳ ತೆಗೆಯಿರಿ. ಸುಯ್ ಎಂದು ಗಾಳಿ ಒಳಗೆ ಹೋದರೆ ಮುಚ್ಚಳದ ಉಸಿರುಗಂಡಿ ಕಟ್ಟಿದೆ. ಇದಕ್ಕಿಂತ ಗಂಭೀರವಾದದ್ದು ಎಂಜಿನ್ನಿನ ಎಳೆತಕ್ಕೆ ತೆರೆಯುವ ವ್ಯಾಕ್ಯೂಮ್ ಪೆಟ್ರೋಲ್ ಕಾಕ್. ಅದರ ರಬ್ಬರ್ ಪೊರೆ (ಡಯಾಫ್ರಾಮ್) ಹರಿದು, ಕಾರ್ಬ್ಯುರೇಟರಿನ ಬೌಲಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ವಾಲ್ವೂ ಸೋರಿದರೆ, ನಿಂತ ಬೈಕಿನ ಟ್ಯಾಂಕಿನಿಂದ ಪೆಟ್ರೋಲ್ ಇಳಿದು ಸಿಲಿಂಡರ್ ಸೇರುತ್ತದೆ, ಅಲ್ಲಿಂದ ಎಂಜಿನ್ ಆಯಿಲ್‌ಗೆ. ಡಿಪ್‌ಸ್ಟಿಕ್ ಅಥವಾ ಆಯಿಲ್ ಮುಚ್ಚಳ ಮೂಸಿ ನೋಡುವುದು ನನ್ನ ಅಭ್ಯಾಸ. ಪೆಟ್ರೋಲ್ ವಾಸನೆ ಬಂದರೆ ಸೆಲ್ಫ್ ಒತ್ತಬೇಡಿ. ಪೆಟ್ರೋಲ್ ತುಂಬಿದ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರಲು ಹೋದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಕೆಲವು ಬೈಕುಗಳಿಗೆ ಅವುಗಳದ್ದೇ ಬಲೆಗಳಿವೆ. ಯಮಹಾದ ಹಲವು ಮಾಡೆಲ್‌ಗಳ ಎಕ್ಸಾಸ್ಟ್‌ನಲ್ಲಿ ಎಕ್ಸಪ್ ಎಂಬ ಕವಾಟವಿದೆ. ಅದು ತುಕ್ಕು ಹಿಡಿದು ಅಂಟಿಕೊಂಡರೆ ಪಿಕಪ್ ನಡುವೆ ಗುಂಡಿ ಬಿದ್ದ ಹಾಗಾಗುತ್ತದೆ, ಥೇಟ್ ಕಾರ್ಬ್ಯುರೇಟರ್ ದೋಷದಂತೆ. ಕವಾಸಾಕಿ ಜೆಡ್‌ಜೆಡ್-ಆರ್1100 ಥರದ, ಎದುರುಗಾಳಿಯನ್ನು ಏರ್ ಬಾಕ್ಸಿಗೆ ನೂಕಿಕೊಳ್ಳುವ ರಾಮ್ ಏರ್ ಬೈಕುಗಳಲ್ಲಿ ಫ್ಲೋಟ್ ಬೌಲಿನ ಉಸಿರುಕೊಳವೆಗಳಿಗೂ ಸರಿಯಾದ ಜಾಗವಿದೆ. ಅವನ್ನು ಎಲ್ಲೋ ನೇತುಬಿಟ್ಟರೆ ನಿಧಾನ ವೇಗದಲ್ಲಿ ಏನೂ ಗೊತ್ತಾಗದು, ವೇಗ ಏರಿದಂತೆ ಏರ್ ಬಾಕ್ಸಿನ ಒತ್ತಡ ಹೆಚ್ಚಿ ಪೆಟ್ರೋಲ್ ಸಾಲದೆ ಎಂಜಿನ್ ಲೀನ್ ಆಗುತ್ತದೆ.

ಇಷ್ಟೂ ಸರಿಯಿದ್ದು, ದೋಷ ಉಳಿದಿದ್ದರೆ, ಈಗ ಕಾರ್ಬ್ಯುರೇಟರ್. ಆಗಲೂ ಬಿಚ್ಚುವುದಕ್ಕೆ ಮೊದಲು ಕೇಳಿಸಿಕೊಳ್ಳಬೇಕು. ಹ್ಯಾಂಡಲ್ ಹಿಡಿಯ ಮೇಲೆ ಬಿಳಿ ಟೇಪ್ ಸುತ್ತಿ ಮುಚ್ಚಿದ ಸ್ಥಾನ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗೆರೆ ಹಾಕಿ. ತೊಂದರೆ ಯಾವ ಆರ್‌ಪಿಎಂನಲ್ಲಿ ಎಂಬುದಕ್ಕಿಂತ ಥ್ರಾಟಲ್ ಎಷ್ಟು ತೆರೆದಾಗ ಎಂಬುದು ಹೆಚ್ಚು ಹೇಳುತ್ತದೆ. ಸುಮಾರು ಎಂಟನೇ ಒಂದರ ತನಕ ಪೈಲಟ್ ಜೆಟ್ ಮತ್ತು ಸ್ಕ್ರೂಗಳ ರಾಜ್ಯ. ಕಾಲರಿಂದ ಮುಕ್ಕಾಲರವರೆಗೆ ನೀಡಲ್. ಅದರಾಚೆ ಮೇನ್ ಜೆಟ್. ಗಡಿಗಳು ಒಂದರ ಮೇಲೊಂದು ಹಾಯುತ್ತವೆ, ಆದರೂ ದಿಕ್ಕು ಸಿಗುತ್ತದೆ. ಈ ಬೈಕುಗಳಲ್ಲಿ ಬಹುಪಾಲಿನವಕ್ಕಿರುವ ಸಿವಿ (ಕಾನ್‌ಸ್ಟಂಟ್ ವೆಲಾಸಿಟಿ) ಕಾರ್ಬ್ಯುರೇಟರಿನಲ್ಲಿ ಕೈ ತೆರೆಯುವುದು ಬಟರ್‌ಫ್ಲೈ ಕವಾಟವನ್ನು ಮಾತ್ರ; ನೀಡಲ್ ಹೊತ್ತ ಸ್ಲೈಡನ್ನು ಎತ್ತುವುದು ಎಂಜಿನ್ನಿನ ಎಳೆತ. ಹಾಗಾಗಿ 2500 ಆರ್‌ಪಿಎಂನಲ್ಲಿ ಗಕ್ಕನೆ ಪೂರ್ತಿ ತಿರುವಿ ಮೇನ್ ಜೆಟ್ ಪರೀಕ್ಷೆ ಮಾಡಿದೆ ಎಂದರೆ ಅದು ಲೆಕ್ಕಕ್ಕಿಲ್ಲ. ಸ್ಲೈಡ್ ಮೇಲೆ ಹೋಗಿಯೇ ಇರುವುದಿಲ್ಲ.

ಲೀನೋ (ಪೆಟ್ರೋಲ್ ಕಡಿಮೆ) ರಿಚ್ಚೋ (ಪೆಟ್ರೋಲ್ ಹೆಚ್ಚು) ತಿಳಿಯಲು ಬಿಸಿ ಎಂಜಿನ್ನಿಗೆ ಒಂದು ಸಣ್ಣ ರೇಸ್ ಕೊಟ್ಟು ಬಿಡಿ. ಆರ್‌ಪಿಎಂ ಇಳಿಯಲು ಮನಸ್ಸಿಲ್ಲದಂತೆ ಮೇಲೇ ತೂಗಾಡಿದರೆ ಲೀನ್, ಇಲ್ಲವೇ ಎಲ್ಲೋ ಗಾಳಿ ಎಳೆತ. ಐಡ್ಲಿಂಗ್‌ಗಿಂತ ಕೆಳಗೆ ಬಿದ್ದು ಆಮೇಲೆ ಮೇಲೆ ಬಂದರೆ ರಿಚ್. ತೊಂದರೆ ಇರುವ ಜಾಗದಲ್ಲಿ ಚೋಕ್ ತುಸು ಎಳೆದಾಗ ಗಾಡಿ ಸುಧಾರಿಸಿದರೆ ಲೀನ್, ಹದಗೆಟ್ಟರೆ ರಿಚ್. ಥ್ರಾಟಲ್ ಬಿಟ್ಟಾಗ ಸೈಲೆನ್ಸರ್ ಪಟಪಟ ಅನ್ನುವುದಕ್ಕೆ ಲೀನ್ ಒಂದೇ ಕಾರಣ ಎಂದುಕೊಳ್ಳಬೇಡಿ. ಎಕ್ಸಾಸ್ಟ್ ಜಾಯಿಂಟ್ ಸೋರಿದರೂ ಹಾಗೇ ಆಗುತ್ತದೆ.

ಬಿಚ್ಚುವ ಹೊತ್ತು ಬಂತು. ಜಪಾನೀ ಕಾರ್ಬ್ಯುರೇಟರಿನ ಸ್ಟಾರ್ ಸ್ಕ್ರೂ ನಮ್ಮ ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರಿಗೆ ಹೊಂದುವುದಿಲ್ಲ. ಅದು ಜೆಐಎಸ್ ಎಂಬ ಜಪಾನೀ ಮಾನದಂಡದ್ದು, ತಲೆಯ ಮೇಲೆ ಬಹಳ ಸಲ ಒಂದು ಸಣ್ಣ ಚುಕ್ಕಿ ಇರುತ್ತದೆ. ಸಾಮಾನ್ಯ ಡ್ರೈವರ್ ಹಾಕಿ ತಿರುಗಿಸಿದರೆ ಅದು ಮೇಲೆದ್ದು ಜಾರಿ, ಮೆದು ಸ್ಕ್ರೂವಿನ ತಲೆಯ ತೋಡನ್ನು ಕಿತ್ತುಹಾಕುತ್ತದೆ. ಒಂದು ಜೆಐಎಸ್ ಡ್ರೈವರ್ ಇಟ್ಟುಕೊಳ್ಳಿ, ಜೀವನಪೂರ್ತಿ ಬರುತ್ತದೆ. ಪೈಲಟ್ ಸ್ಕ್ರೂ ತೆಗೆಯುವ ಮೊದಲು ಮೆಲ್ಲಗೆ ಒಳಗೆ ತಿರುಗಿಸಿ ಎಷ್ಟು ಸುತ್ತು ಎಂದು ನಾಲ್ಕಕ್ಕೂ ಬರೆದಿಟ್ಟುಕೊಳ್ಳಿ. ತಳ ತಾಕಿದೊಡನೆ ನಿಲ್ಲಿಸಿ. ಬಿಗಿದರೆ ಸೂಜಿಯಂಥ ಅದರ ಮೊನೆ ಮುರಿದು ದಾರಿಯಲ್ಲೇ ಉಳಿಯುತ್ತದೆ. ಸ್ಕ್ರೂ, ಸ್ಪ್ರಿಂಗ್, ವಾಷರ್, ಒ-ರಿಂಗ್ ಈ ಸಾಲಿನಲ್ಲಿ ಹೊರಬರಬೇಕು. ಒ-ರಿಂಗ್ ಒಳಗೇ ಅಂಟಿಕೊಂಡು, ತೊಳೆದವರ ಕಣ್ಣಿಗೆ ಬೀಳದೆ, ಹೊಸದೊಂದು ಅದರ ಮೇಲೆ ಕೂತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಪೈಲಟ್ ಜೆಟ್‌ನ ತೂತು ಅರ್ಧ ಮಿಲಿಮೀಟರ್ ಕೂಡ ಇಲ್ಲ. ನಿಂತ ಪೆಟ್ರೋಲ್ ಆರಿ ಬಿಡುವ ಕಂದು ಅಂಟು ಮೊದಲು ಮುಚ್ಚುವುದು ಅದನ್ನೇ. ಬೆಳಕಿಗೆ ಹಿಡಿದಾಗ ತೂತು ದುಂಡಗೆ ಕಾಣಬೇಕು, ಚುಕ್ಕಿಯಷ್ಟು ಕಂಡರೆ ಸಾಲದು. ತಂತಿ ತೂರಿಸಬೇಡಿ, ಹಿತ್ತಾಳೆ ಮೆದು, ಒಂದು ಗೀರು ಬಿದ್ದರೂ ಅಳತೆ ಕೆಟ್ಟಿತು. ನೆನೆಹಾಕಿ, ಗಾಳಿ ಹೊಡೆಯಿರಿ. ಅಲ್ಟ್ರಾಸಾನಿಕ್ ಸಿಕ್ಕರೆ ಒಳ್ಳೆಯದು. ಕ್ಲೀನರ್ ಸ್ಪ್ರೇ ಸ್ಲೈಡಿನ ಡಯಾಫ್ರಾಮಿಗೆ ತಾಕಿದರೆ ರಬ್ಬರ್ ಊದಿಕೊಳ್ಳುತ್ತದೆ. ಡಯಾಫ್ರಾಮ್ ಪರೀಕ್ಷೆ ಸುಲಭ: ಸ್ಲೈಡನ್ನು ಬೆರಳಲ್ಲಿ ಮೇಲೆತ್ತಿ, ಕಾರ್ಬ್ಯುರೇಟರಿನ ಬಾಯಿಯ ಅಂಚಿನಲ್ಲಿ ಡಯಾಫ್ರಾಮಿನ ಅಡಿಗೆ ಹೋಗುವ ಗಾಳಿಗಂಡಿಯನ್ನು ಮುಚ್ಚಿ ಬಿಡಿ. ಸ್ಲೈಡ್ ಅಲ್ಲೇ ನಿಂತು ಹಗುರವಾಗಿ ಇಳಿಯಬೇಕು. ಟಕ್ ಎಂದು ಬಿದ್ದರೆ ಎಲ್ಲೋ ಸೂಜಿಮೊನೆಯಷ್ಟು ತೂತಿದೆ. ಫ್ಲೋಟ್ ಎತ್ತರವನ್ನು ಕೈಪಿಡಿಯ ಮಿಲಿಮೀಟರಿಗೆ ಸರಿಯಾಗಿ ಹೊಂದಿಸಿ. ಅದು ಏರುಪೇರಾದರೆ ಮೇಲಿನ ಯಾವ ಜೆಟ್‌ನ ಲೆಕ್ಕವೂ ಸರಿಹೋಗುವುದಿಲ್ಲ.

ಏರ್ ಬಾಕ್ಸ್ ತೆಗೆದು ಒಂದೊಂದು ಕಾರ್ಬ್ಯುರೇಟರಿಗೂ ಬಿಡಿ ಪಾಡ್ ಫಿಲ್ಟರ್ ಹಾಕುವ ಆಸೆ ಹಲವರಿಗಿದೆ. ನನ್ನ ಅಭಿಪ್ರಾಯ ನೇರ: ಬೇಡ. ಸಿವಿ ಸ್ಲೈಡ್ ಏರಿಳಿಯಲು ಬಾಯಿಯ ಬಳಿ ಶಾಂತವಾದ ಗಾಳಿ ಬೇಕು, ಅದನ್ನು ಕೊಡಲೆಂದೇ ಆ ದೊಡ್ಡ ಡಬ್ಬ ಇರುವುದು. ಆ ಹುಡುಗನ ಬೈಕಿಗೂ ಮೂಲದ ಜೆಟ್‌ಗಳನ್ನೇ ತರಿಸಿ ಹಾಕಿದೆ, ನೀಡಲ್ ಕೆಳಗಿನ ವಾಷರ್‌ಗಳನ್ನು ತೆಗೆದೆ.

ಕೊನೆಗೆ ಸಿಂಕ್, ಅಂದರೆ ನಾಲ್ಕೂ ಕಾರ್ಬ್ಯುರೇಟರ್‌ಗಳ ಎಳೆತವನ್ನು ಸಮ ಮಾಡುವುದು. ಟ್ಯಾಂಕ್ ತೆಗೆದು, ಸಣ್ಣ ಬಾಟಲಿಯಿಂದ ಪೆಟ್ರೋಲ್ ಕೊಟ್ಟು, ಕಾಕ್‌ನ ವ್ಯಾಕ್ಯೂಮ್ ಕೊಳವೆಯನ್ನು ಮುಚ್ಚಿ, ನಾಲ್ಕು ವ್ಯಾಕ್ಯೂಮ್ ಗೇಜ್ ಹಾಕಿದೆ. ಸಾಮಾನ್ಯವಾಗಿ ಮೊದಲು 1-2, ಆಮೇಲೆ 3-4, ಕಡೆಗೆ ಎರಡು ಜೋಡಿಗಳನ್ನು ಸೇರಿಸುವ ನಡುವಿನ ಸ್ಕ್ರೂ. ಪ್ರತಿ ಸಲ ತಿರುಗಿಸಿದ ಮೇಲೆ ಒಂದು ಸಣ್ಣ ರೇಸ್ ಕೊಟ್ಟು, ಮುಳ್ಳು ನಿಂತ ಮೇಲೆಯೇ ಓದಬೇಕು. ಹಲವು ಕೈಪಿಡಿಗಳು 20 ಮಿಲಿಮೀಟರ್ ಪಾದರಸದಷ್ಟು ವ್ಯತ್ಯಾಸ ಒಪ್ಪುತ್ತವೆ, ನಾನು ಅದರ ಅರ್ಧಕ್ಕೆ ತರುತ್ತೇನೆ. ಎಂಜಿನ್ ನಿಂತಲ್ಲೇ ಕಾಯುವುದರಿಂದ ಮುಂದೆ ಒಂದು ಫ್ಯಾನ್ ಇರಲಿ. ನಾಲ್ಕು ಮುಳ್ಳುಗಳೂ ಒಂದೇ ಎತ್ತರಕ್ಕೆ ಬರುತ್ತಿದ್ದಂತೆ ಎಂಜಿನ್ನಿನ ದನಿ ಬದಲಾಗುತ್ತದೆ. ಕ್ಲಚ್ ಕಡೆಯ ಗಡಗಡ ಕರಗಿ ಸದ್ದು ನುಣುಪಾಗುತ್ತದೆ. ಅಂದು 1200 ಆರ್‌ಪಿಎಂನಲ್ಲಿ ಅದು ಹಾಗೆ ನಿಂತಾಗ ಹುಡುಗ ಮಾತಾಡದೆ ಟ್ಯಾಂಕಿಲ್ಲದ ಗಾಡಿಯ ಪಕ್ಕ ಕೂತು ಕೇಳುತ್ತಿದ್ದ.

ಹೊರಡುವ ಮೊದಲು ಒಂದು ಕಾರ್ಡಿನಲ್ಲಿ ನಾಲ್ಕೂ ಪೈಲಟ್ ಸ್ಕ್ರೂಗಳ ಸುತ್ತು, ಫ್ಲೋಟ್ ಎತ್ತರ, ಜೆಟ್ ನಂಬರ್, ಟ್ಯಾಪೆಟ್ ಸಂದು, ಎರಡೂ ಕಾಯಿಲ್‌ಗಳ ವೋಲ್ಟೇಜ್ ಬರೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸೀಟಿನ ಕೆಳಗೆ ಅಂಟಿಸಿದೆ. ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಿದ್ದರೆ ಫ್ಲೋಟ್ ಬೌಲುಗಳ ಡ್ರೈನ್ ಸ್ಕ್ರೂ ತೆಗೆದು ಪೆಟ್ರೋಲ್ ಖಾಲಿ ಮಾಡಿಡಬೇಕೆಂದು ಅದರ ಹಿಂಬದಿಯಲ್ಲಿ ಬರೆದೆ.